ಕಂಬ ಹತ್ತಿದ್ದಕ್ಕೆ ಕೊಟ್ಟ ನಂಬರ್

ಇಂಟರ್ನೆಟ್ ನಿಧಾನವಾಗಿದೆ ಎಂದು ದೂರು ಕೊಡಲು ಫೋನ್ ಮಾಡುವವರಲ್ಲಿ ಹೆಚ್ಚಿನವರು ಮೊದಲು ತಮ್ಮನ್ನೇ ಅನುಮಾನಿಸಿಕೊಳ್ಳುತ್ತಾರೆ. ನಮ್ಮ ಫೋನ್ ಹಳೆಯದಾಯಿತೇನೋ, ಮನೆಯ ಗೋಡೆ ದಪ್ಪವಿರುವುದಕ್ಕೆ ಹೀಗಾಗುತ್ತದೇನೋ, ಮಗ ಮೇಲಿನ ಕೋಣೆಯಲ್ಲಿ ಏನೋ ನೋಡುತ್ತಿದ್ದಾನೇನೋ ಎಂದು ಅವರೇ ಕಾರಣ ಹುಡುಕಿ ನಮ್ಮ ಕೈಗಿಡುತ್ತಾರೆ. ಹಾಲಿಗೆ ನೀರು ಬೆರೆಸಿದ್ದರೆ ಯಾರೂ ತಮ್ಮ ನಾಲಿಗೆಯನ್ನು ದೂರುವುದಿಲ್ಲ, ನೇರವಾಗಿ ಹಾಲಿನವನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಇಂಟರ್ನೆಟ್ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ನಮ್ಮ ಕಂಪನಿಗೆ ಆ ಭಯವಿರಲಿಲ್ಲ. ನಿವೃತ್ತಳಾಗುವವರೆಗೂ ನಾನು ಕುಳಿತದ್ದು ಈ ಅನುಮಾನದ ಆಚೆ ಬದಿಯಲ್ಲಿ.

ಈಗ ಇದೇ ಕೆಲಸಕ್ಕೆ ಸೇರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಿರುವನಂತಪುರದ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಕಾಸರಗೋಡಿನ ಒಬ್ಬ ಹುಡುಗಿ ಬಾಡಿಗೆಗಿದ್ದಾಳೆ. ಕಾಲೇಜು ಮುಗಿಸಿ ಯಾವುದೋ ಬ್ರಾಡ್‌ಬ್ಯಾಂಡ್ ಕಂಪನಿಯ ದೂರು ವಿಭಾಗ ಸೇರಿದ್ದಾಳೆ. ಮೊದಲ ವಾರ ಮುಗಿಸಿ ಬಂದವಳು, "ಆಂಟೀ, ಈ ಕೆಲಸ ಯಾವಾಗ್ಲೂ ಇಷ್ಟು ಕಷ್ಟ ಉಂಟಾ?" ಎಂದು ಕೇಳಿದಳು. "ಕಷ್ಟ ಏನಿಲ್ಲವ್ವಾ, ದಣಿವು ಭಾಳ" ಎಂದೆ. ಆ ಉತ್ತರ ಅವಳಿಗೆ ಸಾಕಾಗಲಿಲ್ಲ. ನನಗೂ ಸಾಕಾಗಲಿಲ್ಲ.

ನಾನು ಧಾರವಾಡದವಳು. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ಅವರಿಗೆ ಕೊಚ್ಚಿಗೆ ವರ್ಗವಾದಾಗ ನಾನೂ ಡಿಪ್ಲೊಮಾ ಸರ್ಟಿಫಿಕೇಟು ಹಿಡಿದುಕೊಂಡು ಬಂದು ಒಂದು ಖಾಸಗಿ ಇಂಟರ್ನೆಟ್ ಕಂಪನಿ ಸೇರಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಅದನ್ನು ಯಾರೋ ಕೊಂಡುಕೊಂಡು ಹೆಸರೂ ಬದಲಾಗಿದೆ. ಮಲಯಾಳ ಕಲಿತದ್ದು ಗ್ರಾಹಕರ ಬೈಗುಳದಿಂದ. ಮನೆಯಲ್ಲಿ ಮಕ್ಕಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಟ್ಟು, ಸಾಲದೆಂಬಂತೆ ನನ್ನ ಉಚ್ಚಾರಣೆಯನ್ನೂ ತಿದ್ದುತ್ತಿದ್ದರು. ಇಲ್ಲಿ ಬರುವ ಮಲಯಾಳದ ಮಾತುಗಳನ್ನು ಕನ್ನಡದಲ್ಲೇ ಕೊಡುತ್ತೇನೆ, ಅಕ್ಕನಿಗೆ ಚೇಚಿ, ಮಗಳಿಗೆ ಮೋಳೇ ಎಂಬ ಕರೆಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಕೊಚ್ಚಿಯಲ್ಲಿ ನನ್ನ ಮೇಲಧಿಕಾರಿ ಶ್ರೀಧರ ರಾವ್, ಮೂಲ ಕಾಸರಗೋಡಿನ ಕಡೆಯವರು. ಕೆಟ್ಟ ಮನುಷ್ಯ ಅಲ್ಲ. ಒಬ್ಬರನ್ನೂ ಗದರಿಸಿದ್ದನ್ನು ನಾನು ಕಂಡಿಲ್ಲ. ಸೇರಿದ ಹೊಸತರಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪಾಠ ಹೇಳಿಕೊಟ್ಟರು. "ನೋಡಿ ಸುಮಂಗಲಾ, ದೂರು ಪರಿಹಾರ ಆಗುದು ಬೇರೆ, ದೂರು ಮುಗಿಯುದು ಬೇರೆ. ಕಂಪನಿ ಲೆಕ್ಕ ಇಡುದು ಎರಡನೇದ್ದನ್ನು ಮಾತ್ರ." ನಾನು ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಆ ಪಾಠ ಅರ್ಥವಾದದ್ದು ಕೊಚ್ಚಿ ಬಂದರಿನ ದ್ವೀಪವಾದ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ದೂರಿನಲ್ಲಿ. ಅಲ್ಲಿ ಬಂದರಿನ ಸರಕುಗಳ ಕಾಗದಪತ್ರ ಮಾಡಿಸುವ ಒಂದು ಸಣ್ಣ ಏಜೆಂಟ್ ಆಫೀಸಿತ್ತು. ಅದರ ಯಜಮಾನ ಕುರಿಯನ್ ಎಂಬವರು. ಮಧ್ಯಾಹ್ನವಾದರೆ ಇಂಟರ್ನೆಟ್ ತೆವಳುತ್ತದೆ, ಕಸ್ಟಮ್ಸಿಗೆ ಕಾಗದಗಳನ್ನು ಕಳುಹಿಸಲು ಆಗುತ್ತಿಲ್ಲ ಎಂಬುದು ಅವರ ದೂರು. ನಮ್ಮವರು ಹೋಗಿ ಪರೀಕ್ಷಿಸಿ, ವೇಗ ಸರಿಯಾಗಿದೆ ಎಂದು ಬರೆದು ದೂರು ಮುಗಿಸಿದರು. ಕುರಿಯನ್ ಮತ್ತೆ ಫೋನ್ ಮಾಡಿದರು. ನಮ್ಮವರು ಮತ್ತೆ ಹೋಗಿ ಮತ್ತೆ ಸರಿಯಾಗಿದೆ ಎಂದರು. ಹೀಗೆ ಬಹಳ ದಿನ ನಡೆಯಿತು. ಕಡೆಗೆ ಒಂದು ದಿನ ಕುರಿಯನ್ ನನ್ನನ್ನೇ ಫೋನಿನಲ್ಲಿ ಹಿಡಿದು, ಸ್ವಲ್ಪವೂ ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು.

"ಮೇಡಂ, ನನಗೆ ಜ್ವರ ಬರುವುದು ಮಧ್ಯಾಹ್ನ. ನಿಮ್ಮ ಡಾಕ್ಟರ್ ಬರುವುದು ಯಾವಾಗಲೂ ಬೆಳಿಗ್ಗೆ. ಯಾಕೆ?"

ವಿಚಾರಿಸಿದೆ. ನಮ್ಮ ತಂತ್ರಜ್ಞರು ಎರ್ನಾಕುಳಂನಿಂದ ಬೆಳಗಿನ ಬೋಟಿನಲ್ಲಿ ಐಲ್ಯಾಂಡಿಗೆ ಹೋಗಿ, ಊಟದ ಹೊತ್ತಿನ ಬೋಟಿಗೆ ವಾಪಸಾಗುತ್ತಿದ್ದರು. ಮಧ್ಯಾಹ್ನ ಬೇರೆ ಕಡೆ ಅವರಿಗೆ ಕೆಲಸ. ಮಧ್ಯಾಹ್ನದ ದೂರನ್ನು ಮಧ್ಯಾಹ್ನವೇ ಪರೀಕ್ಷಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಯಾರೂ ಬೋಟಿನ ವೇಳೆಯನ್ನು ಬಿಟ್ಟುಕೊಡುತ್ತಿರಲಿಲ್ಲ. ನಾನೇ ಒಬ್ಬನನ್ನು ಮಧ್ಯಾಹ್ನದ ಮೇಲೆ ಕಳುಹಿಸಿದಾಗ ಆ ಬೀದಿಯ ಅಷ್ಟೂ ಆಫೀಸುಗಳಿಗೆ ಹಂಚಿಕೆಯಾಗುವ ನಮ್ಮ ಲೈನೇ ಚಿಕ್ಕದೆಂದು ತಿಳಿಯಿತು. ಎಲ್ಲರೂ ಒಟ್ಟಿಗೆ ಕೆಲಸಕ್ಕಿಳಿದರೆ ಯಾರಿಗೂ ಸಾಲದು. ಲೈನು ದೊಡ್ಡದು ಮಾಡಿಸಲು ಮುಂಬಯಿಯ ಮುಖ್ಯ ಕಚೇರಿಯ ಒಪ್ಪಿಗೆ ಬೇಕು, ಅದು ಬರುವ ಹೊತ್ತಿಗೆ ಕುರಿಯನ್ ಬೇರೆ ಕಂಪನಿಯ ಕನೆಕ್ಷನ್ ತೆಗೆದುಕೊಂಡಿದ್ದರು. ನಮ್ಮ ಪುಸ್ತಕದಲ್ಲಿ ಅವರ ದೂರು ಮುಗಿದಿತ್ತು.

ಪರೀಕ್ಷೆಯ ವಿಷಯ ಬಂದದ್ದಕ್ಕೆ ಅದನ್ನೂ ಹೇಳಿಬಿಡುತ್ತೇನೆ. ನಮ್ಮವರು ಮೋಡೆಮ್ಮಿಗೆ ತಂತಿ ಸಿಕ್ಕಿಸಿ, ನಮ್ಮದೇ ಲ್ಯಾಪ್‌ಟಾಪಿನಲ್ಲಿ, ನಮ್ಮದೇ ಸರ್ವರಿನವರೆಗೆ ಮಾತ್ರ ವೇಗ ಅಳೆಯುತ್ತಿದ್ದರು. ಗ್ರಾಹಕರಿಗೆ ಬೇಕಾದದ್ದೆಲ್ಲ ಆ ಸರ್ವರಿನಿಂದ ಆಚೆ ಇರುತ್ತದೆ. ಮನೆಯ ಗೇಟಿನವರೆಗೆ ರಸ್ತೆ ಚೆನ್ನಾಗಿದೆಯೆಂದು ತೋರಿಸಿ ಊರಿನ ರಸ್ತೆಯೆಲ್ಲ ಚೆನ್ನಾಗಿದೆ ಎಂದ ಹಾಗೆ. ನಾನು ಬಡ್ತಿಯ ಮೇಲೆ ತಿರುವನಂತಪುರಕ್ಕೆ ಬಂದ ಮೇಲೆ ಚಾಲೈ ಬಜಾರಿನ ಒಬ್ಬ ಮಸಾಲೆ ವ್ಯಾಪಾರಿಯ ಅಂಗಡಿಯಲ್ಲಿ ಇದೇ ಪರೀಕ್ಷೆ ನಡೆಯಿತು. ಲ್ಯಾಪ್‌ಟಾಪಿನಲ್ಲಿ ವೇಗ ತೋರಿಸುವ ಮುಳ್ಳು ಬಲಗಡೆಗೆ ಪೂರ್ತಿ ವಾಲಿತು. ಆತ ಅದನ್ನು ನೋಡಿ, ತಮ್ಮ ಬಿಲ್ ಮಾಡುವ ಕಂಪ್ಯೂಟರಿನಲ್ಲಿ ಇನ್ನೂ ತಿರುಗುತ್ತಲೇ ಇದ್ದ ಚಕ್ರವನ್ನು ತೋರಿಸಿದರು. "ನನ್ನ ತಕ್ಕಡಿಯಲ್ಲಿ ತೂಗು ತಮ್ಮಾ. ಮೆಣಸು ತಿನ್ನುವವನು ನಾನು" ಎಂದರು. ನಮ್ಮವನು ಬೆವರೊರೆಸಿಕೊಂಡು ಲ್ಯಾಪ್‌ಟಾಪು ಮುಚ್ಚಿದ.

ನಿಮ್ಮ ಹತ್ತಿರ ಯಾರಾದರೂ ಸಲಹೆ ಕೇಳಿದರೆ ಇಷ್ಟನ್ನು ಹೇಳಿ. ತೊಂದರೆ ಯಾವ ಹೊತ್ತಿಗೋ ಆ ಹೊತ್ತಿಗೇ ವೇಗ ಅಳೆಯಿರಿ, ಬೇರೆ ಬೇರೆ ಸೈಟುಗಳಲ್ಲಿ ಅಳೆಯಿರಿ, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ಜಾಹೀರಾತಿನದೂ ಒಂದು ಚಿತ್ರ ಇರಲಿ. ದೂರಿನ ನಂಬರ್ ಇಲ್ಲದೆ ಫೋನ್ ಇಡಬೇಡಿ. ಕಂಪನಿ ಕೇಳದಿದ್ದರೆ ಕಂಪನಿಯ ಒಳಗಿನ ಅಪೀಲು ವಿಭಾಗಕ್ಕೆ ಹೋಗಿ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ. ಆಯೋಗಕ್ಕೆ ವಕೀಲರಿಲ್ಲದೆಯೂ ಹೋಗಬಹುದು, ನೀವಿರುವ ಊರಿನಲ್ಲೇ ದಾವೆ ಹಾಕಬಹುದು. ಇದನ್ನು ಹೇಳುವುದಕ್ಕೆ ನಮಗೆ ಸಂಬಳ ಕೊಡುತ್ತಿರಲಿಲ್ಲ, ಆದರೂ ನಾನು ಹೇಳುತ್ತಿದ್ದೆ.

ತಿರುವನಂತಪುರದಲ್ಲಿ ನನ್ನನ್ನು ಕೂರಿಸಿದ್ದು ಆ ಅಪೀಲು ವಿಭಾಗದಲ್ಲೇ. ದೂರು ಸರಿಹೋಗದವರು ಅಲ್ಲಿಗೆ ಬರುತ್ತಾರೆ. ನಾನು ಕಡತ ನೋಡಿ ಅಭಿಪ್ರಾಯ ಬರೆದು ಕೊಚ್ಚಿಗೆ ಕಳುಹಿಸಬೇಕು, ರಾವ್ ಅವರು ಸಹಿ ಹಾಕಬೇಕು. ಗ್ರಾಹಕರು ಕಂಪನಿಯ ಮೇಲೆ ಕೊಡುವ ದೂರಿಗೆ ಕಂಪನಿಯ ಸಂಬಳ ತಿನ್ನುವ ನಾನು ನ್ಯಾಯ ಹೇಳಬೇಕು. ಇದರ ತಮಾಷೆ ನನಗೆ ಮೊದಲ ದಿನವೇ ಗೊತ್ತಿತ್ತು. ನಗು ಬರುವುದು ಮಾತ್ರ ಬರಬರುತ್ತ ನಿಂತಿತು.

ಈ ಹೊತ್ತಿಗೆ ಕೆಲಸದ ರೀತಿ ಬದಲಾಗಿತ್ತು. ಮೊದಲು ತಂತ್ರಜ್ಞ ಬಂದುಹೋದ ಮೇಲೆ ಒಂದು ಚೀಟಿಗೆ ಗ್ರಾಹಕರ ಸಹಿ ಹಾಕಿಸುತ್ತಿದ್ದೆವು. ಆಮೇಲೆ ಒಟಿಪಿ ಬಂತು. ಗ್ರಾಹಕರ ಫೋನಿಗೆ ಒಂದು ನಂಬರ್ ಬರುತ್ತದೆ, ಅದನ್ನು ಅವರು ತಂತ್ರಜ್ಞನಿಗೆ ಹೇಳಬೇಕು, ಅವನು ತನ್ನ ಫೋನಿನಲ್ಲಿ ಒತ್ತಿದ ಕೂಡಲೇ 'ಗ್ರಾಹಕರು ತೃಪ್ತರಾಗಿದ್ದಾರೆ' ಎಂದು ದಾಖಲಾಗಿ ದೂರು ಮುಗಿಯುತ್ತದೆ. ಗೊತ್ತುಪಡಿಸಿದ ಹೊತ್ತಿನೊಳಗೆ ನಂಬರ್ ಸಿಗದಿದ್ದರೆ ತಂತ್ರಜ್ಞನ ಸಂಬಳದಲ್ಲಿ ಕಡಿತ. ಅವರೆಲ್ಲ ಗುತ್ತಿಗೆಯವರು. ಹಾಗಾಗಿ ಅವರು ಬಾಗಿಲಲ್ಲೇ, ಚಪ್ಪಲಿ ಬಿಡುವ ಮೊದಲೇ ನಂಬರ್ ಕೇಳುವುದು ರೂಢಿಯಾಯಿತು. "ಚೇಚಿ, ಆ ನಂಬರ್ ಒಂದು ಹೇಳಿಬಿಡಿ, ಕೆಲಸ ನಾನು ಮಾಡಿಕೊಟ್ಟೇ ಹೋಗ್ತೀನಿ." ಮನೆಯವರಿಗೆ ಪಾಪ ಅನ್ನಿಸುತ್ತದೆ. ಬಿಸಿಲಲ್ಲಿ ಬಂದಿದ್ದಾನೆ. ಹಾಲಿಲ್ಲದ ಕಟ್ಟನ್ ಚಾಯ ಕೊಡುತ್ತಾರೆ, ಬಾಳೆಹಣ್ಣಿನ ಬಜ್ಜಿ ಪಳಂಪೊರಿ ಇದ್ದರೆ ಅದನ್ನೂ, ಜೊತೆಗೆ ನಂಬರನ್ನೂ. ಆಮೇಲೆ ಅಪೀಲಿಗೆ ಬಂದರೆ ನನ್ನ ಮೇಜಿನ ಮೇಲೆ ಅವರೇ ತೃಪ್ತಿಪಟ್ಟ ದಾಖಲೆ ಕಂತೆ ಕಂತೆ ಇರುತ್ತಿತ್ತು.

ಲಿಜಿಯ ಅಪೀಲು ಬಂದದ್ದು ಹೀಗೆಯೇ. ತಿರುವನಂತಪುರದ ಹೊರವಲಯದ ತುಂಬಾ ಎಂಬ ಊರಿನ ಕಡಲ ಬದಿಯಲ್ಲಿ ಅವಳ ಮನೆ. ಕಡತದ ಮೊದಲ ಹಾಳೆಯಲ್ಲಿ ಅವಳ ದೂರುಗಳ ಸಾಲು, ಪ್ರತಿಯೊಂದರ ಎದುರೂ 'ತೃಪ್ತರು' ಎಂಬ ಮುದ್ರೆ. ಇಂಥ ಕಡತಗಳನ್ನು ಓದದೆ ತಿರಸ್ಕರಿಸುವುದು ಪದ್ಧತಿ. ನಾನು ತಿರಸ್ಕರಿಸುವ ಮೊದಲು ಅವಳ ಪತ್ರದ ಕೊನೆಯ ಸಾಲು ಕಣ್ಣಿಗೆ ಬಿತ್ತು. 'ನನ್ನ ಕೆಲಸ ಕೈಗಳದ್ದು. ಕೈಗಳು ಪರದೆಯಲ್ಲಿ ನಿಂತುಹೋಗುತ್ತವೆ' ಎಂದು ಬರೆದಿದ್ದಳು. ಅದೇನೆಂದು ಅರ್ಥವಾಗದೆ, ಅಪೀಲಿನವರು ಮನೆಗೆ ಹೋಗುವ ಕ್ರಮ ಇಲ್ಲದಿದ್ದರೂ, ಆಟೋ ಹಿಡಿದು ಹೋದೆ.

ಲಿಜಿಗೆ ಮೂವತ್ತು ದಾಟಿತ್ತು. ಅಪ್ಪ ತೀರಿಕೊಂಡಿದ್ದರು. ಅಮ್ಮ ರೋಸಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತಿಲ್ಲ. ಈಗ ಕಾಲೂ ಸ್ವಾಧೀನವಿಲ್ಲ. ಹಾಗಾಗಿ ಲಿಜಿ ಬಾಯಿಂದ ಮಾತಾಡುವ ಮೊದಲೇ ಕೈಯಿಂದ ಮಾತಾಡಲು ಕಲಿತವಳು. ಆ ವಿದ್ಯೆಯೇ ಅವಳ ಉದ್ಯೋಗವಾಗಿತ್ತು. ಆಸ್ಪತ್ರೆಗೆ ಕಿವುಡ ರೋಗಿಗಳು ಬಂದರೆ, ಡಾಕ್ಟರ ಮೇಜಿನ ಮೇಲಿನ ಪರದೆಯಲ್ಲಿ ಲಿಜಿ ಕಾಣಿಸಿಕೊಂಡು ಡಾಕ್ಟರ ಮಾತನ್ನು ಕೈಸನ್ನೆಯಲ್ಲೂ, ರೋಗಿಯ ಸನ್ನೆಯನ್ನು ಮಾತಿನಲ್ಲೂ ಹೇಳುತ್ತಾಳೆ. ಒಂದು ಏಜೆನ್ಸಿಯ ಮೂಲಕ, ಮನೆಯಲ್ಲೇ ಕುಳಿತು ಮಾಡುವ ಕೆಲಸ. ಅಮ್ಮನನ್ನು ಬಿಟ್ಟು ಹೋಗಲಾರದವಳಿಗೆ ಇನ್ನೇನು ಬೇಕು.

ನಮ್ಮ ಕಂಪನಿಯ ಬೋರ್ಡು ಅವಳ ಬೀದಿಯ ತುದಿಯಲ್ಲೇ ಇತ್ತು. ಇಂಟರ್ನೆಟ್ಟಿನಿಂದ ತರಿಸಿಕೊಳ್ಳುವಾಗ ಎಷ್ಟು ವೇಗವೋ ಕಳುಹಿಸುವಾಗಲೂ ಅಷ್ಟೇ ವೇಗ ಎಂದು ಅದರಲ್ಲಿ ದೊಡ್ಡದಾಗಿ ಬರೆದಿತ್ತು. ಸಿನಿಮಾ ನೋಡುವವರಿಗೆ ತರಿಸಿಕೊಳ್ಳುವ ವೇಗ ಸಾಕು. ಲಿಜಿಯ ಕೈಗಳು ಇಲ್ಲಿಂದ ಆಸ್ಪತ್ರೆಗೆ ತಲುಪಬೇಕು, ಅವಳಿಗೆ ಬೇಕಾದದ್ದು ಕಳುಹಿಸುವ ವೇಗ. ಅದು ಹೊರರೋಗಿಗಳ ಸಾಲು ಉದ್ದವಾಗುವ ಹೊತ್ತಿಗೆ ಸರಿಯಾಗಿ ಕುಸಿಯುತ್ತಿತ್ತು.

ನಾನು ಕುಳಿತಿದ್ದಾಗಲೇ ಒಂದು ಕರೆ ಬಂತು. ಡಾಕ್ಟರು ಒಬ್ಬ ಹೆಂಗಸಿಗೆ ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಹೇಳುತ್ತಿದ್ದರು. ಲಿಜಿಯ ಕೈಗಳು ಓಡುತ್ತಿದ್ದವು. ಆಸ್ಪತ್ರೆಯ ಕೋಣೆಯ ಕ್ಯಾಮೆರಾದಲ್ಲಿ ಆ ಹೆಂಗಸಿನ ಎದುರಿನ ಪರದೆಯೂ ಕಾಣುತ್ತಿತ್ತು, ಅದರಲ್ಲಿ ಲಿಜಿಯ ಚಿತ್ರ ಮಾತ್ರ ಒಂದು ಕೈ ಎತ್ತಿದಂತೆಯೇ ನಿಂತುಬಿಟ್ಟಿತು. ಆ ಹೆಂಗಸು ಮುಂದಕ್ಕೆ ಬಾಗಿ ಪರದೆಯನ್ನು ಬೆರಳಿನಿಂದ ತಟ್ಟಿದಳು. ಆಮೇಲೆ ಡಾಕ್ಟರ ಕಡೆ ನೋಡಿ ಸುಮ್ಮನೆ ತಲೆಯಾಡಿಸಿದಳು, ಅರ್ಥವಾಯಿತು ಎನ್ನುವಂತೆ. ಅರ್ಥವಾಗಿರಲಿಲ್ಲ. ಇಷ್ಟು ವರ್ಷ ನಿಧಾನ, ನಿಧಾನ ಎಂಬ ಶಬ್ದವನ್ನು ಬರೆದು ಬರೆದು ಇಟ್ಟಿದ್ದೆ, ಅದು ಹೀಗಿರುತ್ತದೆಂದು ಕಣ್ಣಾರೆ ನೋಡಿರಲಿಲ್ಲ.

"ಇನ್ನು ಮೂರು ನಾಲ್ಕು ಸಲ ಹೀಗಾದರೆ ಏಜೆನ್ಸಿಯವರು ನನ್ನನ್ನು ತೆಗೀತಾರೆ ಚೇಚಿ" ಎಂದಳು ಲಿಜಿ.

"ಸರಿಹೋಗದಿದ್ದರೂ ಪ್ರತಿ ಸಲ ನಂಬರ್ ಯಾಕೆ ಕೊಟ್ಟೆ ಮೋಳೇ?"

ಅವಳು ಅಮ್ಮನ ಕಡೆ ಒಮ್ಮೆ ನೋಡಿದಳು. "ಬರೋನು ಜೋಬಿ. ಅವನಿಗೆ ಕೊಡದೆ ಇರೋಕೆ ಆಗಲ್ಲ."

ಜೋಬಿ ಆ ಭಾಗದ ನಮ್ಮ ಗುತ್ತಿಗೆಯ ತಂತ್ರಜ್ಞ, ಲಿಜಿಯದೇ ವಯಸ್ಸು, ಹೆಂಡತಿ ಮಗುವಿನ ಸಂಸಾರ. ಇಬ್ಬರದೂ ಒಂದೇ ಇಗರ್ಜಿ. ಅವನ ತಾಯಿಯೂ ರೋಸಮ್ಮನೂ ಅನೇಕ ವರ್ಷ ಒಂದೇ ರಸ್ತೆಬದಿಯಲ್ಲಿ ಅಕ್ಕಪಕ್ಕ ಕುಳಿತು ಮೀನು ಮಾರಿದವರು. ರೋಸಮ್ಮನಿಗೆ ಕೂಗಲು ಬರುವುದಿಲ್ಲವಲ್ಲ, ಜೋಬಿಯ ತಾಯಿ ಎರಡೂ ಬುಟ್ಟಿಯ ಬೆಲೆಯನ್ನು ಕೂಗುತ್ತಿದ್ದರಂತೆ. ಮೊದಲು ರೋಸಮ್ಮನ ಬುಟ್ಟಿ ಖಾಲಿ ಮಾಡಿಸಿ ಆಮೇಲೆ ತನ್ನದು. ಲಿಜಿ ಓದಿದ್ದು ಆ ಕೂಗು ತಂದ ದುಡ್ಡಿನಲ್ಲಿ.

ಜೋಬಿಯನ್ನೂ ಕಂಡೆ. ಅವನು ಕಂಬ ಹತ್ತುತ್ತಿದ್ದ, ತಂತಿಯ ತುದಿ ಬದಲಾಯಿಸುತ್ತಿದ್ದ, ಇಳಿಯುತ್ತಿದ್ದ. ಆ ಬೀದಿಗೆ ಬರುವ ಲೈನೇ ಚಿಕ್ಕದು. ವಿಲ್ಲಿಂಗ್ಡನ್ ಐಲ್ಯಾಂಡಿನ ರೋಗವೇ ಇಲ್ಲಿಯೂ. ಅದನ್ನು ಕಂಬದ ಮೇಲೆ ಸರಿಮಾಡಲು ಆಗುವುದಿಲ್ಲ. "ನನಗೂ ಗೊತ್ತು ಮೇಡಂ. ಗೊತ್ತಿದ್ದೂ ಹತ್ತುತ್ತೀನಿ" ಎಂದ. ಅವನ ಮುಖ ನೋಡಲು ನನಗೆ ಕಷ್ಟವಾಯಿತು.

ವಾಪಸು ಬಂದು ಲಿಜಿಯ ಪರವಾಗಿ ಬರೆದೆ. ಜಾಹೀರಾತಿನಲ್ಲಿ ಹೇಳಿದ ವೇಗ ಕೊಟ್ಟಿಲ್ಲ, ತಪ್ಪು ಲೈನಿನದು, ಒಟಿಪಿ ತೃಪ್ತಿಗೆ ಸಾಕ್ಷಿಯಲ್ಲ ಎಂದು ಬರೆದು ಕೊಚ್ಚಿಗೆ ಕಳುಹಿಸಿದೆ. ರಾವ್ ಅವರು ಸಹಿ ಹಾಕದೆ ಫೋನ್ ಮಾಡಿದರು.

"ಇದು ಹೀಗೆ ಬರೆದ್ರೆ ಆಗುದಿಲ್ಲ ಮಾರಾಯ್ರೆ. ಲೈನಿನದ್ದೇ ತಪ್ಪು ಅಂತ ನಾವೇ ಒಪ್ಪಿದ್ರೆ ನಾಳೆ ಆ ಬೀದಿ ಇಡೀ ಅಪೀಲಿಗೆ ಬರ್ತದೆ. ಒಟಿಪಿ ಸಾಕ್ಷಿ ಅಲ್ಲ ಅಂದ್ರೆ ಇಡೀ ಕೇರಳವೇ ಬರ್ತದೆ."

"ಮತ್ತ ಏನ್ ಬರೀಲ್ರಿ ಸರ? ಅಕಿ ಕೈ ನಿಂತದ್ದು ನಾ ಕಣ್ಣಾರೆ ನೋಡೀನಿ."

"ಆ ತಂತ್ರಜ್ಞ ಮೋಸದಲ್ಲಿ ಒಟಿಪಿ ತಗೊಂಡಿದ್ದಾನೆ ಅಂತ ಆ ಹುಡುಗಿ ಹತ್ರ ಒಂದು ಬರೆಸಿ ತೆಗೊಳ್ಳಿ. ವ್ಯಕ್ತಿಯ ತಪ್ಪು ಅಂತ ಆಗ್ತದೆ. ಅವಳಿಗೆ ನಾನು ನಾಳೆಯೇ ಬೇರೆ ಲೈನು ಹಾಕಿಸಿ ಕೊಡ್ತೇನೆ, ಆಫೀಸುಗಳಿಗೆ ಕೊಡುವಂಥದ್ದು."

"ಆ ಹುಡುಗನ ಕೆಲಸ?"

"ಅವನು ಗುತ್ತಿಗೆಯವ ಅಲ್ವಾ" ಎಂದರು ರಾವ್. ಮತ್ತೆ ತಾವೇ, "ನನ್ನ ಮೇಲೆಯೂ ಒಬ್ಬ ಇದ್ದಾನೆ ಸುಮಂಗಲಾ. ಎಂತ ಮಾಡುದು ಹೇಳಿ" ಎಂದರು. ಅವರ ದನಿಯಲ್ಲಿ ನನಗಿಂತ ಹೆಚ್ಚು ಸುಸ್ತಿತ್ತು. ಅದಕ್ಕೇ ಜಗಳವಾಡಲೂ ಮನಸ್ಸು ಬರಲಿಲ್ಲ.

ಈ ಮಾತನ್ನು ಲಿಜಿಗೆ ಮುಟ್ಟಿಸುವುದು ನನ್ನ ಕರ್ತವ್ಯವಾಗಿತ್ತು. ಮುಟ್ಟಿಸಿದೆ. ಒಂದು ಸಾಲು ಬರೆದುಕೊಟ್ಟರೆ ಅವಳ ಕೆಲಸ ಉಳಿಯುತ್ತದೆ, ಜೋಬಿಯದು ಹೋಗುತ್ತದೆ. ಬರೆದುಕೊಡದಿದ್ದರೆ ಅಪೀಲು ಮುಗಿಯುತ್ತದೆ. ಅವಳು ಯೋಚಿಸಲು ಸಮಯ ಕೇಳುತ್ತಾಳೆಂದುಕೊಂಡಿದ್ದೆ.

"ಆಗಲ್ಲ ಚೇಚಿ" ಎಂದಳು. ನನಗೆ ಚಹಾ ಮಾಡಲು ಎದ್ದಳು.

ಅಪೀಲು ತಿರಸ್ಕೃತವಾಯಿತು. ಎರಡು ತಿಂಗಳಿನೊಳಗೆ ಏಜೆನ್ಸಿಯವರು ಅವಳನ್ನು ಬಿಟ್ಟು ಕೋಳಿಕ್ಕೋಡಿನ ಯಾರನ್ನೋ ತೆಗೆದುಕೊಂಡರು. ಲಿಜಿ ಅಮ್ಮನನ್ನು ನೆರೆಯವರಿಗೆ ಒಪ್ಪಿಸಿ ಎರಡು ಬಸ್ಸು ಹಿಡಿದು ಆಸ್ಪತ್ರೆಗೇ ಹೋಗಿ, ಕರೆದ ದಿನ ಮಾತ್ರ ಕೆಲಸ ಮಾಡಲು ಶುರುಮಾಡಿದಳು. ಅವಳ ಜಿಲ್ಲಾ ಆಯೋಗದ ಅರ್ಜಿಯನ್ನು ನನ್ನ ಮನೆಯ ಊಟದ ಮೇಜಿನ ಎದುರು ಕುಳಿತು ಇಬ್ಬರೂ ಸೇರಿ ಬರೆದೆವು. ಆಗ ನಾನು ನಿವೃತ್ತಳಾಗಿ ಒಂದು ವಾರವಾಗಿತ್ತು. ಜೋಬಿಯ ಹೆಸರು ಎಲ್ಲೂ ಬರಬಾರದೆಂದು ಅವಳು ಹಟ ಹಿಡಿದಳು. ಅವನ ಹೆಸರಿಲ್ಲದೆ ಅರ್ಜಿ ಕುಂಟುತ್ತದೆಂದು ನನಗೆ ಗೊತ್ತಿತ್ತು, ಹೇಳಲಿಲ್ಲ.

ಅವಳು ಗೆದ್ದಳು ಎಂದು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಗೆಲುವಿನಲ್ಲಿ ಹೇಳುವಂಥದ್ದೇನೂ ಇಲ್ಲ. ಸೇವೆಯಲ್ಲಿ ನ್ಯೂನತೆ ಇದೆ, ಹೇಳಿದ ವೇಗ ಕೊಡಬೇಕು, ಸ್ವಲ್ಪ ಪರಿಹಾರವನ್ನೂ ಕೊಡಬೇಕು ಎಂದು ಆದೇಶ ಬಂತು. ಈಗ ಆ ಮನೆಯಲ್ಲಿ ಇಂಟರ್ನೆಟ್ ಚೆನ್ನಾಗಿದೆ. ಹಗಲು ಹೊತ್ತು ಅದನ್ನು ಬಳಸುವವರು ಮನೆಯಲ್ಲಿರುವುದಿಲ್ಲ. ನಿಮಗೆ ನಾನು ಹೇಳಬೇಕೆಂದಿರುವುದು ವಿಚಾರಣೆಯ ದಿನದ ಸಂಗತಿ.

ಆಯೋಗದಲ್ಲಿ ಹೆಚ್ಚಿನದೆಲ್ಲ ಕಾಗದದಲ್ಲೇ ನಡೆಯುತ್ತದೆ. ಕಂಪನಿಯವರು ಎಲ್ಲ ದೂರುಗಳೂ ಗ್ರಾಹಕಿಯ ಒಪ್ಪಿಗೆಯಿಂದಲೇ ಮುಗಿದಿವೆ ಎಂದು ಜೋಬಿಯ ಹೆಸರಿನಲ್ಲಿ ಅಫಿಡವಿಟ್ ಹಾಕಿದ್ದರು. ಅಧ್ಯಕ್ಷರಾಗಿದ್ದ ಹೆಂಗಸು ಅದನ್ನು ಓದಿ, ಇವರನ್ನೇ ಕರೆಸಿ, ಕೇಳೋಣ ಎಂದರು. ವಿಚಾರಣೆಯ ದಿನ ಲಿಜಿ ಅಮ್ಮನನ್ನೂ ಕರೆತಂದಿದ್ದಳು, ಮನೆಯಲ್ಲಿ ನೋಡಿಕೊಳ್ಳುವವರು ಸಿಕ್ಕಿರಲಿಲ್ಲ. ನಾವು ಮೂವರೂ ಒಂದು ಬೆಂಚಿನ ಮೇಲೆ ಕುಳಿತೆವು. ಜೋಬಿ ಎದುರಿನ ಸಾಲಿನಲ್ಲಿ, ಕಂಪನಿಯ ವಕೀಲರ ಪಕ್ಕದ ಕುರ್ಚಿಯಲ್ಲಿ, ಕೊರಳಿಗೆ ಕಂಪನಿಯ ಕಾರ್ಡು ಹಾಕಿಕೊಂಡು ಕುಳಿತಿದ್ದ. ನಮ್ಮ ಕಡೆ ನೋಡಲಿಲ್ಲ.

ಮೊದಲು ವಕೀಲರು ಲಿಜಿಯನ್ನು ಕೇಳಿದರು. "ಒಟಿಪಿ ಕೊಟ್ಟದ್ದು ನೀವೇ ತಾನೇ? ಯಾರಾದರೂ ಬಲವಂತ ಮಾಡಿದರಾ?"

"ನಾನೇ ಕೊಟ್ಟೆ. ಬಲವಂತ ಇಲ್ಲ."

"ಹಾಗಾದರೆ ತೃಪ್ತಿಯಾಗಿತ್ತು ಎಂದಾಯಿತು."

"ಅವನು ಬಿಸಿಲಲ್ಲಿ ಕಂಬ ಹತ್ತಿ ಇಳಿದ ಸಾರ್. ನಂಬರ್ ಕೊಟ್ಟದ್ದು ಅದಕ್ಕೆ. ನಿಮ್ಮ ಇಂಟರ್ನೆಟ್ಟಿಗೆ ಅಲ್ಲ" ಎಂದಳು ಲಿಜಿ.

ಅಧ್ಯಕ್ಷೆ ಏನೋ ಬರೆದುಕೊಂಡರು. ವಕೀಲರು, ಇದು ಭಾವನೆಯ ಮಾತು, ದಾಖಲೆ ದಾಖಲೆಯೇ ಎಂದರು. ಅದು ನಿಜವೆಂದು ನನಗೂ ಗೊತ್ತಿತ್ತು.

ಆಮೇಲೆ ಜೋಬಿಯನ್ನು ನಿಲ್ಲಿಸಿದರು. ಅವನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ರೋಸಮ್ಮ ಮಗಳ ಮೊಣಕೈ ಮುಟ್ಟಿ, ಅವನು ಏನು ಹೇಳುತ್ತಿದ್ದಾನೆ ಎಂದು ಸನ್ನೆಯಲ್ಲಿ ಕೇಳಿದರು. ಲಿಜಿ ಅಮ್ಮನ ಕಡೆ ತಿರುಗಿ ಕುಳಿತು ತನ್ನ ಕೆಲಸ ಶುರುಮಾಡಿದಳು. ಜೋಬಿ, ನಾನು ಹೋದಾಗಲೆಲ್ಲ ಲೈನು ಸರಿಯಾಗಿತ್ತು ಎಂದ. ಲಿಜಿಯ ಕೈಗಳು ಅದನ್ನು ಹೇಳಿದವು. ಗ್ರಾಹಕಿಯ ಎದುರಿಗೇ ಪರೀಕ್ಷೆ ಮಾಡಿ ತೋರಿಸಿದೆ ಎಂದ. ಅದನ್ನೂ ಹೇಳಿದವು. ಅವಳು ಏನನ್ನೂ ಸೇರಿಸಲಿಲ್ಲ, ಮುಖದಲ್ಲೂ ಏನನ್ನೂ ತೋರಿಸಲಿಲ್ಲ. ಜೋಬಿ ಆ ಕೈಗಳ ಎದುರಿಗೇ ಬೆಳೆದವನು, ಅವನಿಗೆ ಅವನ್ನು ಓದಲು ಬರುತ್ತಿತ್ತು. ತಾನು ಹೇಳಿದ ಮಾತು ಒಂದೊಂದಾಗಿ ರೋಸಮ್ಮನನ್ನು ತಲುಪುವುದನ್ನು ಅವನು ನೋಡುತ್ತಿದ್ದ. ಒಂದೊಂದು ಮಾತು ಮುಗಿದಾಗಲೂ ರೋಸಮ್ಮ ಮಗಳ ಕೈಗಳಿಂದ ಕಣ್ಣು ತೆಗೆದು ಅವನನ್ನೇ ನೋಡುತ್ತಿದ್ದರು. ಸಿಟ್ಟಿನಿಂದಲ್ಲ. ಅವನು ಹೇಳಿದ್ದನ್ನು ಹಾಗೇ ನಂಬುತ್ತಿದ್ದಂತಿತ್ತು.

"ಗ್ರಾಹಕಿ ಪೂರ್ತಿ..." ಎಂದು ಜೋಬಿ ಶುರುಮಾಡಿ ನಿಲ್ಲಿಸಿದ.

ವಕೀಲರು, ಹೇಳಿ, ಹೇಳಿ ಎಂದರು.

"ಸರಿಯಿರಲಿಲ್ಲ ಮೇಡಂ" ಎಂದ ಜೋಬಿ ಅಧ್ಯಕ್ಷೆಗೆ. "ಒಂದು ದಿನವೂ ಸರಿಯಿರಲಿಲ್ಲ. ಕಂಬದ ಮೇಲೆ ಅದು ಸರಿಯಾಗಲ್ಲ. ನಂಬರ್ ತಗೊಳ್ಳದೆ ಹೋದರೆ ನಮಗೆ ಸಂಬಳ ಹಿಡೀತಾರೆ. ಎಲ್ಲ ಮನೆಯಲ್ಲೂ ನಾವು ಮೊದಲೇ ತಗೊಳ್ತೀವಿ."

ವಕೀಲರು ಎದ್ದು ನಿಂತು ಆಕ್ಷೇಪಿಸಿದರು. ಅಧ್ಯಕ್ಷೆ ಕೂರಲು ಹೇಳಿದರು. ನಾನು ಲಿಜಿಯ ಕಡೆ ತಿರುಗಿದೆ. ಅವಳ ಕೈಗಳು ತೊಡೆಯ ಮೇಲೆ ಬಿದ್ದಿದ್ದವು. ಈ ಮಾತನ್ನು ಅವಳು ಅಮ್ಮನಿಗೆ ಹೇಳಲಿಲ್ಲ. ರೋಸಮ್ಮ ಮತ್ತೆ ಮತ್ತೆ ಅವಳ ಮೊಣಕೈ ಎಳೆದರು, ಅವಳು ತಲೆ ಎತ್ತಲಿಲ್ಲ. ಕಡೆಗೆ ಜೋಬಿಯೇ ನಿಂತಲ್ಲಿಂದ ನಮ್ಮ ಬೆಂಚಿನತ್ತ ತಿರುಗಿ, ತನಗೆ ಬರುವ ಅಷ್ಟಿಷ್ಟು ಸನ್ನೆಯಲ್ಲಿ ರೋಸಮ್ಮನಿಗೆ ಅದನ್ನು ಹೇಳಿದ. ತಡವರಿಸುತ್ತ ಹೇಳಿದ, ನಡುವೆ ಒಮ್ಮೆ ತಪ್ಪಿ ಮೊದಲಿನಿಂದ ಹೇಳಿದ. ಅಧ್ಯಕ್ಷೆ ತಡೆಯಲಿಲ್ಲ.

ರೋಸಮ್ಮ ಕೈಯೆತ್ತಿ ಚಿಕ್ಕದಾಗಿ ಏನೋ ಕೇಳಿದರು.

"ಏನಂತ ಮೋಳೇ?" ಎಂದು ನಾನು ಲಿಜಿಯನ್ನು ಪಿಸುದನಿಯಲ್ಲಿ ಕೇಳಿದೆ.

"ನಿನ್ನ ಕೆಲಸ ಏನಾಗುತ್ತೆ ಮಗನೇ, ಅಂತ."

ಇಷ್ಟೂ ಹೊತ್ತಿನಲ್ಲಿ ಆ ಕೋಣೆಯಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಜೋಬಿ ಕೊರಳಿನ ಕಾರ್ಡನ್ನು ತೆಗೆದು ವಕೀಲರ ಮುಂದೆ ಇಟ್ಟ. ಆಮೇಲೆ ನಮ್ಮ ಸಾಲಿಗೆ ಬಂದ. ಲಿಜಿ ಸರಿದು ಜಾಗ ಕೊಟ್ಟಳು, ಅವನು ರೋಸಮ್ಮನ ಪಕ್ಕದಲ್ಲಿ ಕುಳಿತ.